ಪೆನ್ಸಿಲ್ ಚಿತ್ರಕ್ಕೆ ಮಸಿ: ಕಾಗದದ ಮೇಲೋ, ಟ್ಯಾಬ್ಲೆಟ್ ಮೇಲೋ?

ಪೆನ್ಸಿಲ್ ಚಿತ್ರ ಮುಗಿಸಿದ ಮೇಲೆ, ಇದಕ್ಕೆ ನಿಬ್ಬಿನಲ್ಲಿ ಮಸಿ ಹಾಕಲೋ, ಸ್ಕ್ಯಾನ್ ಮಾಡಿ ಟ್ಯಾಬ್ಲೆಟ್‌ನಲ್ಲಿ ಹಾಕಲೋ ಎಂದು ಯೋಚಿಸಲು ಕೂತರೆ ಅರ್ಧ ತೀರ್ಮಾನ ಆಗಲೇ ಕೈಮೀರಿರುತ್ತದೆ. 2ಬಿಯಂಥ ಮೆತ್ತಗಿನ, ಕಪ್ಪು ಪೆನ್ಸಿಲ್‌ನಲ್ಲಿ ಒತ್ತಿ ಬರೆದ ಚಿತ್ರದ ಮೇಲೆ ಮಸಿ ಕೂರುವುದಿಲ್ಲ. ಗ್ರಾಫೈಟ್‌ನ ಜಿಡ್ಡು ಅದನ್ನು ಅಲ್ಲಲ್ಲಿ ತಳ್ಳುತ್ತದೆ, ಗೆರೆ ತುಂಡುತುಂಡಾಗುತ್ತದೆ. 75 ಜಿಎಸ್‌ಎಂ ಜೆರಾಕ್ಸ್ ಹಾಳೆಯಲ್ಲಿ ಬರೆದಿದ್ದರಂತೂ ಮಸಿ ಬೆನ್ನಿಗೂ ಇಳಿಯುತ್ತದೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದಾದರೆ ಈ ಯಾವ ತೊಂದರೆಯೂ ಇಲ್ಲ. ಜೆರಾಕ್ಸ್ ಹಾಳೆಯೂ ಆದೀತು, 2ಬಿಯೂ ಆದೀತು. ಆದ್ದರಿಂದ ಮಸಿ ಎಲ್ಲಿ ಹಾಕುತ್ತೀರಿ ಎಂಬುದು ಮೊದಲ ಪೆನ್ಸಿಲ್ ಗೆರೆಗೂ ಮುಂಚೆ ಗೊತ್ತಿರಬೇಕು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಎ4 ಹಾಳೆಯಲ್ಲಿ ಬರೆದು ಎ5 ಗಾತ್ರದಲ್ಲಿ ಕಪ್ಪು-ಬಿಳುಪಾಗಿ ಅಚ್ಚಾಗುವ ಕಾಮಿಕ್ ಪುಟ. ವ್ಯಂಗ್ಯಚಿತ್ರಕ್ಕೂ ಕಥೆಗೆ ಬರೆಯುವ ರೇಖಾಚಿತ್ರಕ್ಕೂ ಇದರ ಬಹುಪಾಲು ಹಾಗೇ ಹೊಂದುತ್ತದೆ.

ಎರಡೂ ಕಡೆ ಕೆಲಸ ಒಂದೇ

ಪೆನ್ಸಿಲ್ ಚಿತ್ರದಲ್ಲಿ ಒಂದು ಮೊಣಕೈಗೆ ಮೂರು ಗೆರೆ ಇದ್ದರೂ ನಡೆಯುತ್ತದೆ, ಸರಿಯಾದದ್ದನ್ನು ಕಣ್ಣೇ ಆರಿಸಿಕೊಳ್ಳುತ್ತದೆ. ಮಸಿಯಲ್ಲಿ ಒಂದೇ ಗೆರೆ ಉಳಿಯಬೇಕು, ಆ ಗೆರೆಗೆ ಒಂದು ದಪ್ಪ ಬೇಕು. ಬೆಳಕು ಬೀಳುವ ಬದಿ ಸಣ್ಣ, ನೆರಳಿನ ಬದಿ ದಪ್ಪ. ಹತ್ತಿರದ ಆಕೃತಿಗೆ ದಪ್ಪ, ದೂರದ ಮನೆಗೆ ಸಣ್ಣ. ಪೆನ್ಸಿಲ್‌ನಲ್ಲಿ ಬೂದು ಬಣ್ಣಕ್ಕೆ ತೀಡಿಬಿಟ್ಟ ನೆರಳನ್ನು ಪೂರ್ತಿ ಕಪ್ಪು ಮಾಡುವುದೋ, ಬಿಳಿಯಾಗಿ ಬಿಡುವುದೋ, ಅಡ್ಡಗೆರೆಗಳಿಂದ ತುಂಬುವುದೋ ಎಂದು ಕೈಯೇ ತೀರ್ಮಾನಿಸಬೇಕು. ಇಂಕ್‌ಸ್ಕೇಪ್‌ನಂಥ ತಂತ್ರಾಂಶದಲ್ಲಿ ಪೆನ್ಸಿಲ್ ಚಿತ್ರವನ್ನು ತಾನಾಗಿ ಟ್ರೇಸ್ ಮಾಡಿಸಿದರೆ ಸಿಗುವುದು ಪೆನ್ಸಿಲ್ ಪುಡಿಯ ನಕಲು: ಸಾವಿರಾರು ಕಪ್ಪು ಚುಕ್ಕೆ, ಹರಿದ ಅಂಚು. ಗುಂಡಿ ಒತ್ತಿದರೆ ಮಸಿ ಹಾಕಿಕೊಡುತ್ತದೆ ಎಂಬ ಆಸೆಯಿಂದ ಡಿಜಿಟಲ್ ಕಡೆ ಹೋಗಬೇಡಿ.

ಕಾಗದದ ಮೇಲೆ: ನಿಬ್, ಬ್ರಷ್, ಫೈನ್‌ಲೈನರ್

ಮೂರರಲ್ಲಿ ಸುಲಭವಾದದ್ದು ಫೈನ್‌ಲೈನರ್, ಅಂದರೆ ಸಣ್ಣ ನಾರಿನ ತುದಿಯ, ಮಸಿ ತುಂಬಿಯೇ ಬರುವ ಪೆನ್. ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್‌ನ ಅಳತೆ ತಿಳಿದರೆ ಉಳಿದವೂ ತಿಳಿದಂತೆ. 005 ಎಂದರೆ 0.20 ಮಿ.ಮೀ., 01 ಎಂದರೆ 0.25, 03 ಎಂದರೆ 0.35, 05 ಎಂದರೆ 0.45, 08 ಎಂದರೆ 0.50. ಎ4ನಿಂದ ಎ5ಗೆ ಇಳಿಸಿದಾಗ ಪ್ರತಿ ಗೆರೆಯೂ ಸುಮಾರು 0.7 ಪಟ್ಟಾಗುತ್ತದೆ. 005ರಲ್ಲಿ ಎಳೆದ ಕೂದಲೆಳೆ ಅಚ್ಚಿನಲ್ಲಿ 0.14 ಮಿ.ಮೀ. ಆಗಿ, ಒರಟು ಕಾಗದದಲ್ಲಿ ಅಲ್ಲಲ್ಲಿ ಮಾಯವಾಗುತ್ತದೆ. ಹಾಗಾಗಿ ಅಚ್ಚಿಗೆ ಹೋಗುವ ಪುಟಕ್ಕೆ 01ಕ್ಕಿಂತ ಸಣ್ಣದು ಬೇಡ. ಹೊರರೇಖೆಗೆ 05, ಒಳಗಿನ ವಿವರಕ್ಕೆ 03, ಹಿನ್ನೆಲೆಗೆ 01 ಎಂದು ಮೂರೇ ಪೆನ್ ಸಾಕು. ಫೈನ್‌ಲೈನರಿನ ಕೊರತೆ ಅದರ ಗೆರೆಯಲ್ಲೇ ಇದೆ: ಎಷ್ಟು ಎಳೆದರೂ ಒಂದೇ ದಪ್ಪ. ದಪ್ಪ-ಸಣ್ಣ ಬೇಕೆಂದರೆ ಅದೇ ಗೆರೆಯ ಪಕ್ಕ ಮತ್ತೊಂದು ಗೆರೆ ಕೂಡಿಸಿ ತುಂಬಬೇಕು. ಕಟ್ಟಡ, ಬಸ್ಸು, ಯಂತ್ರ ಬರೆಯುವವರಿಗೆ ಇದು ಕೊರತೆಯೇ ಅಲ್ಲ; ಮುಖ, ಬಟ್ಟೆ, ಮರ ಬರೆಯುವವರಿಗೆ ಬೇಗ ಬೇಸರ ತರಿಸುತ್ತದೆ. ಇದರ ತುದಿ ಲೋಹದ ಕೊಳವೆಯೊಳಗಿನ ನಾರು, ಒತ್ತಿ ಬರೆದರೆ ಒಳಗೆ ಕುಸಿದು ಪೆನ್ ಸತ್ತುಹೋಗುತ್ತದೆ. ಒಣಗದ ಮಸಿಯ ಮೇಲೆ, ಬಿಳಿ ಬಣ್ಣ ಹಚ್ಚಿದ ಜಾಗದ ಮೇಲೆ ಇದನ್ನು ಓಡಿಸಿದರೂ ತುದಿ ಕಟ್ಟಿಕೊಳ್ಳುತ್ತದೆ.

ಅದ್ದಿ ಬರೆಯುವ ನಿಬ್ಬಿನಲ್ಲಿ ಜಪಾನಿನ ಮಾಂಗಾ ಕಲಾವಿದರ ಜಿ-ನಿಬ್ (ನಿಕ್ಕೊ ಜಿ, ಜೀಬ್ರಾ ಜಿ) ಕಲಿಯುವವರಿಗೆ ಒಳ್ಳೆಯದು. ಅದು ಗಟ್ಟಿ, ಕೈ ಜೋರಾದರೂ ತಡೆದುಕೊಳ್ಳುತ್ತದೆ. ಹಂಟ್ 102 ತೀರ ಸಣ್ಣ ಗೆರೆಗೆ. ಅದಕ್ಕೆ ಬೇರೆ ಹಿಡಿಕೆಯೇ ಬೇಕು. ಹೊಸ ನಿಬ್ಬಿನಲ್ಲಿ ಮಸಿ ನಿಲ್ಲದೆ ಹನಿಹನಿಯಾಗಿ ಜಾರಿದರೆ ನಿಬ್ ಕೆಟ್ಟದ್ದೆಂದು ಎಸೆಯಬೇಡಿ. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲೇ ಸವರಿದ ಎಣ್ಣೆ ಅದರ ಮೇಲಿರುತ್ತದೆ. ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿ ಬೆರಳಿನಲ್ಲಿ ಮೆತ್ತಗೆ ಉಜ್ಜಿ, ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಮಸಿ ನಿಬ್ಬಿನ ಮೈಯಿಡೀ ಹರಡಿ ನಿಲ್ಲುತ್ತದೆ. ಕೆಲವರು ಬೆಂಕಿಗೆ ಹಿಡಿಯುತ್ತಾರೆ. ಹೆಚ್ಚು ಹೊತ್ತು ಹಿಡಿದರೆ ಉಕ್ಕಿನ ಹದ ಕೆಟ್ಟು ನಿಬ್ಬಿನ ಪುಟಿತ ಹೋಗುತ್ತದೆ.

ಅದ್ದುವಾಗ ನಿಬ್ಬಿನ ನಡುವಿನ ರಂಧ್ರ ಮುಚ್ಚುವಷ್ಟೇ ಅದ್ದಿ, ಸೀಸೆಯ ಅಂಚಿಗೆ ತಾಗಿಸಿ ಹೆಚ್ಚಿನ ಮಸಿ ಬಿಟ್ಟುಬನ್ನಿ. ಗೆರೆಯನ್ನು ಯಾವಾಗಲೂ ನಿಮ್ಮ ಕಡೆಗೆ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಸೀಳಿನ ಎರಡು ತುದಿಗಳೂ ಕಾಗದದ ನಾರಿಗೆ ಸಿಕ್ಕಿ, ಬಿಡಿಸಿಕೊಳ್ಳುವಾಗ ಚಿಮ್ಮುತ್ತವೆ. ಪುಟದ ತುಂಬ ಸಾಸಿವೆಯಂಥ ಚುಕ್ಕೆ. ಗೆರೆ ಬೇರೆ ದಿಕ್ಕಿಗೆ ಹೋಗಬೇಕಾದರೆ ಹಾಳೆಯನ್ನು ತಿರುಗಿಸಿ, ಕೈಯನ್ನು ತಿರುಚಬೇಡಿ. ಐದಾರು ನಿಮಿಷಕ್ಕೊಮ್ಮೆ ನೀರಿನಲ್ಲಿ ಅಲ್ಲಾಡಿಸಿ ಒರೆಸಿ. ಇಂಡಿಯನ್ ಇಂಕ್ ಎಂದು ಸಿಗುವ ಮಸಿಯಲ್ಲಿ ಇಂಗಾಲದ ಪುಡಿಯ ಜೊತೆ ಹೆಚ್ಚಾಗಿ ಅರಗು ಇರುತ್ತದೆ. ಒಣಗಿದ ಮೇಲೆ ನೀರಿಗೆ ಕರಗದಿರುವುದು ಅದರಿಂದಲೇ, ನಿಬ್ಬಿಗೆ ಕಚ್ಚಿ ಹಿಡಿಯುವುದೂ ಅದರಿಂದಲೇ. ಇದೇ ಮಸಿಯನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಪೆನ್ ಮುಗಿಯಿತು.

ಬ್ರಷ್ ಕಲಿಯಲು ಹೆಚ್ಚು ಕಾಲ ಬೇಕು, ಕೈಗೆ ಬಂದರೆ ಅದರಷ್ಟು ಕೊಡುವುದು ಬೇರೊಂದಿಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ: ಒಂದೇ ಬೀಸಿನಲ್ಲಿ ಧೋತರದ ಮಡಿಕೆ, ಅದರ ಭಾರ, ಅದರ ನೆರಳು ಮೂರೂ ಬಂದಿರುತ್ತವೆ. ಸೀರೆಯ ನೆರಿಗೆಯನ್ನೇ ತೆಗೆದುಕೊಳ್ಳಿ. 2 ಅಥವಾ 3ನೇ ನಂಬರಿನ ಚೂಪು ತುದಿಯ ಬ್ರಷ್ಷನ್ನು ನೇರವಾಗಿ ಹಿಡಿದು ಸೊಂಟದ ಬಳಿ ತುದಿಯನ್ನು ಬರೀ ತಾಗಿಸಬೇಕು. ಕೆಳಗೆ ಇಳಿಯುತ್ತ ಒತ್ತಡ ಕೂಡಿಸಿದರೆ ಕೂದಲು ಅಗಲವಾಗಿ ಗೆರೆ ತುಂಬಿಕೊಳ್ಳುತ್ತದೆ. ಮಂಡಿಯ ಹತ್ತಿರ ಬಟ್ಟೆ ಬಿಗಿಯಾಗುವಲ್ಲಿ ಹಗುರ ಮಾಡಿ, ಅಂಚಿನಲ್ಲಿ ಬಟ್ಟೆ ನೆಲಕ್ಕೆ ಒರಗುವಲ್ಲಿ ಮತ್ತೆ ಒತ್ತಿ, ಓಡುತ್ತಿರುವಾಗಲೇ ಎತ್ತಬೇಕು. ನಿಲ್ಲಿಸಿ ಎತ್ತಿದರೆ ತುದಿಯಲ್ಲಿ ಗುಂಡು ಕಟ್ಟುತ್ತದೆ. ಇದೆಲ್ಲ ಮುಂಗೈಯಿಂದ ಆಗದು. ಮೊಣಕೈಯಿಂದ, ಭುಜದಿಂದ ಬರಬೇಕು. ಕಿರುಬೆರಳು ಮಾತ್ರ ಕಾಗದಕ್ಕೆ ತಾಗಿರಲಿ.

ಬ್ರಷ್ಷನ್ನು ಮಸಿಗೆ ಅದ್ದುವ ಮೊದಲು ನೀರಿಗೆ ಅದ್ದಿ ಒರೆಸಿಕೊಳ್ಳಿ, ಬುಡದಲ್ಲಿ ನೀರಿದ್ದರೆ ಮಸಿ ಅಲ್ಲಿಗೆ ಏರುವುದಿಲ್ಲ. ಕೂದಲಿನ ಅರ್ಧಕ್ಕಿಂತ ಮೇಲೆ ಮಸಿ ಹೋಗಬಾರದು. ಲೋಹದ ಕಂಠದೊಳಗೆ ಮಸಿ ಒಣಗಿದರೆ ಕೂದಲು ಬುಡದಿಂದಲೇ ಬಿರಿದು ತುದಿ ಎರಡಾಗುತ್ತದೆ, ಆಮೇಲೆ ಅದು ಕಪ್ಪು ತುಂಬಲಿಕ್ಕಷ್ಟೇ ಲಾಯಕ್ಕು. ಹೊಸಬರು ಸಿಂಥೆಟಿಕ್ ಕೂದಲಿನದರಲ್ಲೇ ಶುರು ಮಾಡಲಿ. ಕೊಲಿನ್ಸ್‌ಕಿ ಸೇಬಲ್ (ಪ್ರಾಣಿಯ ಕೂದಲಿನ) ಬ್ರಷ್ ಮಸಿಯನ್ನು ಹೆಚ್ಚು ಹಿಡಿದಿಟ್ಟು ತುದಿ ಚೂಪಾಗಿ ಉಳಿಸಿಕೊಳ್ಳುವುದು ನಿಜ, ಆದರೆ ತೊಳೆಯುವ ಅಭ್ಯಾಸ ಕೂರುವ ತನಕ ಅದಕ್ಕೆ ದುಡ್ಡು ಹಾಕುವುದು ವ್ಯರ್ಥ.

ಇನ್ನು ಕಾಗದ. ನಿಬ್ಬಿಗೆ ನಯವಾದ ಬ್ರಿಸ್ಟಲ್ (ರಟ್ಟಿನಂಥ ದಪ್ಪ ಚಿತ್ರದ ಹಾಳೆ) ಅಥವಾ ದಪ್ಪ ಐವರಿ ಶೀಟ್ ಬೇಕು. ಒರಟು ಡ್ರಾಯಿಂಗ್ ಶೀಟಿನಲ್ಲಿ ನಿಬ್ ನಾರನ್ನು ಕಿತ್ತುಕೊಂಡು ಬರುತ್ತದೆ, ಆ ನಾರಿನ ಎಳೆ ತುದಿಯಲ್ಲಿ ಸಿಕ್ಕಿ ಮುಂದಿನ ಗೆರೆಯೆಲ್ಲ ದಪ್ಪ ದಪ್ಪ. ಕಾಗದ ಮಸಿಯನ್ನು ಹೀರಿದರೆ ಗೆರೆಯ ಅಂಚು ಹತ್ತಿಯಂತೆ ಹಿಂಜಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒಳ್ಳೆಯ ಕಾಗದವೂ ತೇವ ಹಿಡಿದು ಹೀಗೆ ಮಾಡುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಕೆಲಸ ಶುರು ಮಾಡುವ ಮುಂಚೆ ಅಂಚಿನಲ್ಲಿ ಒಂದು ಗೆರೆ ಎಳೆದು ನೋಡಿ. ಪೆನ್ಸಿಲ್ ಎಚ್‌ಬಿ ಅಥವಾ ಎಚ್, ಹಗುರವಾಗಿ. 2ಎಚ್‌ನಲ್ಲಿ ಒತ್ತಿದರೆ ಕಾಗದದಲ್ಲಿ ಗೀರು ಬಿದ್ದು ಮಸಿ ಅದರೊಳಗೆ ಹರಿಯುತ್ತದೆ. ಸ್ಕೇಲ್ ಇಟ್ಟು ಚೌಕಟ್ಟು ಎಳೆಯುವಾಗ ಇಳಿಜಾರಿನ ಅಂಚು ಕೆಳಮುಖವಾಗಿರಲಿ, ಅಂಚು ಕಾಗದದಿಂದ ಮೇಲೆ ನಿಲ್ಲಬೇಕು. ಕಾಗದಕ್ಕೆ ತಾಗಿದ್ದರೆ ಮಸಿ ಸ್ಕೇಲಿನ ಅಡಿಗೆ ನುಗ್ಗುತ್ತದೆ.

ಮಸಿ ಹಾಕಿ ಮುಗಿಸಿದ ಖುಷಿಯಲ್ಲೇ ರಬ್ಬರ್ ತೆಗೆದುಕೊಳ್ಳುವವರು ಬಹಳ. ಗೆರೆಗಳಿಗೆ ಎರಡು-ಮೂರು ಗಂಟೆ, ದೊಡ್ಡ ಕಪ್ಪು ಜಾಗಗಳಿಗೆ ಒಂದು ರಾತ್ರಿ ಬಿಡಿ. ಒಣಗಿದ ಮೇಲೂ ರಬ್ಬರ್ ಸ್ವಲ್ಪ ಕಪ್ಪನ್ನು ಎತ್ತಿಕೊಂಡೇ ಬರುತ್ತದೆ, ಫೈನ್‌ಲೈನರ್ ಗೆರೆಯಲ್ಲಂತೂ ಕಣ್ಣಿಗೆ ಕಾಣುವಷ್ಟು. ಮೊದಲು ಹಿಟ್ಟಿನಂತೆ ನಾದಬಹುದಾದ ರಬ್ಬರನ್ನು ಒತ್ತಿ ಪೆನ್ಸಿಲ್ ತೆಗೆದು, ಉಳಿದದ್ದನ್ನಷ್ಟೇ ಉಜ್ಜಿ, ಮಸುಕಾದ ಗೆರೆಗಳನ್ನು ಮತ್ತೊಮ್ಮೆ ತೀಡಿ.

ಟ್ಯಾಬ್ಲೆಟ್ ಮೇಲೆ

ಪೆನ್ಸಿಲ್ ಚಿತ್ರವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ), ಗ್ರೇಸ್ಕೇಲ್‌ನಲ್ಲಿ (ಬೂದು ಛಾಯೆಗಳಲ್ಲಿ) ಸ್ಕ್ಯಾನ್ ಮಾಡಿ. ಮೇಲೆ ಹೊಸ ಗೆರೆ ಬರುವುದರಿಂದ ಇಲ್ಲಿ ಮೊಬೈಲ್ ಫೋಟೋ ಆದರೂ ನಡೆದೀತು; ಆದರೆ ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ, ಕಾಮಿಕ್ ಪುಟದ ಚೌಕಟ್ಟುಗಳು ವಕ್ರವಾಗುತ್ತವೆ. ಪೆನ್ಸಿಲ್ ಪದರವನ್ನು (ಲೇಯರ್: ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥದ್ದು) ತಿಳಿನೀಲಿ ಮಾಡಿಕೊಳ್ಳುವುದು ಮುಖ್ಯ. ಕ್ಲಿಪ್ ಸ್ಟುಡಿಯೋ ಪೇಂಟ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಲೇಯರ್ ಕಲರ್ ಎಂಬ ಒಂದೇ ಗುಂಡಿ ಸಾಕು. ಅಂಥದ್ದೇ ತಂತ್ರಾಂಶವಾದ ಕ್ರಿಟಾದಲ್ಲಿ ಪೆನ್ಸಿಲ್ ಪದರದ ಮೇಲೆ ನೀಲಿ ತುಂಬಿದ ಪದರವಿಟ್ಟು ಅದನ್ನು ಸ್ಕ್ರೀನ್ ಮೋಡ್‌ಗೆ ಹಾಕಿ: ಕಪ್ಪು ನೀಲಿಯಾಗುತ್ತದೆ, ಬಿಳಿ ಬಿಳಿಯಾಗೇ ಉಳಿಯುತ್ತದೆ. ಬೂದು ಪೆನ್ಸಿಲ್ ಗೆರೆಯ ಮೇಲೆ ಕಪ್ಪು ಎಳೆಯುತ್ತ ಹೋದರೆ ಎಲ್ಲಿ ಮಸಿ ಹಾಕಿದ್ದೀರಿ, ಎಲ್ಲಿ ಬಿಟ್ಟಿದ್ದೀರಿ ಎಂದೇ ತಿಳಿಯುವುದಿಲ್ಲ. ಪೆನ್ಸಿಲ್ ಪದರ ಮುಚ್ಚಿದಾಗ ಅರ್ಧ ಕಿವಿ, ಒಂದು ಹುಬ್ಬು ಕಾಣೆಯಾಗಿರುವುದು ಹೀಗೇ.

600 ಡಿಪಿಐನಲ್ಲಿ ಒಂದು ಮಿಲಿಮೀಟರಿಗೆ ಸುಮಾರು 24 ಪಿಕ್ಸೆಲ್. ಅಂದರೆ ಕಾಗದದ 0.3 ಮಿ.ಮೀ. ಗೆರೆಗೆ 7 ಪಿಕ್ಸೆಲ್ ಬ್ರಷ್, 0.5ಕ್ಕೆ 12. ಈ ಲೆಕ್ಕ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಂಡರೂ ಸರಿಯೇ. ಯಾಕೆಂದರೆ ಡಿಜಿಟಲ್‌ನ ದೊಡ್ಡ ಮೋಸ ಜೂಮ್. ಶೇಕಡಾ 400ಕ್ಕೆ ಹಿಗ್ಗಿಸಿ ಕಣ್ಣಿನ ರೆಪ್ಪೆಗಳನ್ನು ಒಂದೊಂದಾಗಿ 2 ಪಿಕ್ಸೆಲ್‌ನಲ್ಲಿ ಬರೆದು ಎರಡು ಗಂಟೆ ಕಳೆದರೆ, ಎ5 ಅಚ್ಚಿನಲ್ಲಿ ಅದು ಒಂದು ಬೂದು ಮಚ್ಚೆ. ಇನ್ನೊಂದು ಫಜೀತಿ: ಹಿಗ್ಗಿಸಿ ಬರೆದ ಮುಖ, ಕುಗ್ಗಿಸಿ ಬರೆದ ಮೈ ಎರಡಕ್ಕೂ ಬೇರೆ ಬೇರೆ ದಪ್ಪ ಬಂದು, ತಲೆಯನ್ನು ಬೇರೆಲ್ಲಿಂದಲೋ ತಂದು ಅಂಟಿಸಿದಂತೆ ಕಾಣುತ್ತದೆ. ಪುಟಕ್ಕೆ ಎರಡೇ ಜೂಮ್ ಮಟ್ಟ ಗೊತ್ತು ಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಿ. ಪಕ್ಕದಲ್ಲಿ ಇಡೀ ಪುಟ ಚಿಕ್ಕದಾಗಿ ಕಾಣುವ ಕಿಟಕಿ ಸದಾ ತೆರೆದಿರಲಿ.

ಕೈನಡುಕ ಸರಿಪಡಿಸುವ ಸೌಲಭ್ಯ ಬಹುತೇಕ ತಂತ್ರಾಂಶಗಳಲ್ಲಿ ಇದೆ. ಕ್ರಿಟಾ, ಕ್ಲಿಪ್ ಸ್ಟುಡಿಯೋಗಳಲ್ಲಿ ಸ್ಟೆಬಿಲೈಸರ್, ಪ್ರೊಕ್ರಿಯೇಟ್‌ನಲ್ಲಿ ಸ್ಟ್ರೀಮ್‌ಲೈನ್. ಅದು ನಿಮ್ಮ ಪೆನ್ನಿನ ಹಿಂದೆ ಸ್ವಲ್ಪ ತಡವಾಗಿ, ದಾರಿಯನ್ನು ಸರಾಸರಿ ಮಾಡಿಕೊಂಡು ಬರುತ್ತದೆ. ಉದ್ದನೆಯ ಬಾಗು ಗೆರೆಗೆ ಇದು ವರ. ಆದರೆ ಮಟ್ಟ ಏರಿಸಿದಷ್ಟೂ ಚೂಪು ಮೂಲೆಗಳು ಮೊಂಡಾಗುತ್ತವೆ, ಬೆರಳಿನ ಗೆಣ್ಣು, ಬಟ್ಟೆಯ ಮುದುಡು, ಒಣ ಎಲೆಯ ಅಂಚು ಎಲ್ಲವೂ ತಂತಿ ಬಗ್ಗಿಸಿ ಮಾಡಿದಂತೆ ನಯವಾಗುತ್ತವೆ. ಡಿಜಿಟಲ್ ಮಸಿಗೆ ಜೀವವಿಲ್ಲ ಎಂಬ ದೂರಿನ ಮೂಲ ಹೆಚ್ಚಿನ ಸಲ ಇದೇ. ಉದ್ದ ಗೆರೆಗೆ ಹೆಚ್ಚು, ವಿವರಕ್ಕೆ ಕಡಿಮೆ ಅಥವಾ ಶೂನ್ಯ ಎಂದು ಎರಡು ಬ್ರಷ್ ಮಾಡಿಟ್ಟುಕೊಳ್ಳಿ.

ಮೇಲಿನ ಸೀರೆಯ ನೆರಿಗೆಯನ್ನು ಇಲ್ಲಿ ಎಳೆಯುವಾಗ ಒತ್ತಡದ ಗ್ರಾಫ್ (ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಎಂದು ಗೊತ್ತು ಮಾಡುವ ರೇಖೆ) ಕೆಲಸಕ್ಕೆ ಬರುತ್ತದೆ. ಟ್ಯಾಬ್ಲೆಟ್‌ನ ಪೆಟ್ಟಿಗೆಯ ಮೇಲೆ ಬರೆದಿರುವ 8192 ಒತ್ತಡದ ಮಟ್ಟಗಳಿಗಿಂತ, ಪೆನ್ ಎಷ್ಟು ಹಗುರ ಸ್ಪರ್ಶಕ್ಕೆ ಎಚ್ಚರವಾಗುತ್ತದೆ ಎಂಬುದೇ ಮುಖ್ಯ. ಕೈ ಜೋರಿನವರು ಗ್ರಾಫನ್ನು ಕೆಳಕ್ಕೆ ಬಾಗಿಸಿದರೆ ಸಣ್ಣ ಗೆರೆ ಸುಲಭವಾಗಿ ಸಿಗುತ್ತದೆ, ಪೂರ್ತಿ ದಪ್ಪಕ್ಕೆ ಮಾತ್ರ ಒತ್ತಬೇಕಾಗುತ್ತದೆ. ಪರದೆಯಿಲ್ಲದ ಟ್ಯಾಬ್ಲೆಟ್ (ಕಂಪ್ಯೂಟರಿಗೆ ಜೋಡಿಸುವ, ಬರೆಯುವ ಹಲಗೆ ಮಾತ್ರ) ಆದರೆ ಅದರ ಬರೆಯುವ ಜಾಗದ ಅನುಪಾತವನ್ನು ಮಾನಿಟರಿಗೆ ಹೊಂದಿಸಿ. 16:10ರ ಟ್ಯಾಬ್ಲೆಟ್ ಪೂರ್ತಿ 16:9ರ ಮಾನಿಟರಿಗೆ ಜೋಡಣೆಯಾಗಿದ್ದರೆ ನೀವು ಬರೆದ ವೃತ್ತ ಮೊಟ್ಟೆಯಾಗುತ್ತದೆ. ಎಷ್ಟೋ ಜನ ಅದನ್ನು ತಮ್ಮ ಕೈಯ ದೋಷವೆಂದೇ ತಿಳಿದಿರುತ್ತಾರೆ. ಪೆನ್ನಿನ ಪ್ಲಾಸ್ಟಿಕ್ ತುದಿಯೂ ಸವೆಯುತ್ತದೆ. ಒಂದು ಬದಿ ಚಪ್ಪಟೆಯಾಗಿ ಅಂಚು ಚೂಪಾದರೆ ಪರದೆ ಗೀರುತ್ತದೆ, ಅಷ್ಟರೊಳಗೆ ಬದಲಾಯಿಸಿ.

ಡಿಜಿಟಲ್ ನಿಜವಾಗಿ ಗೆಲ್ಲುವುದು ವೆಕ್ಟರ್ ಪದರದಲ್ಲಿ, ಅಂದರೆ ಗೆರೆಯನ್ನು ಚುಕ್ಕೆಗಳಾಗಿ ಅಲ್ಲ, ಆಮೇಲೂ ತಿದ್ದಬಹುದಾದ ಗೆರೆಯಾಗಿಯೇ ಇಡುವ ಪದರದಲ್ಲಿ. ಕ್ಲಿಪ್ ಸ್ಟುಡಿಯೋದಲ್ಲಿ ಗೆರೆಗಳನ್ನು ಧಾರಾಳವಾಗಿ ದಾಟಿಸಿ ಎಳೆದು, ಮೂಲೆಯಲ್ಲಿ ಹೊರಚಾಚಿದ ಬಾಲವನ್ನು ಇರೇಸರಿನಿಂದ ಮುಟ್ಟಿದರೆ ಛೇದಿಸುವ ಬಿಂದುವಿನ ತನಕ ಮಾತ್ರ ಅಳಿಯುತ್ತದೆ. ಕಿಟಕಿಯ ಸರಳು, ಹಂಚಿನ ಸೂರು, ಮರದ ಹಿಂದೆ ಹೋಗುವ ಬೇಲಿ ಇಂಥವುಗಳಲ್ಲಿ ಇದು ಉಳಿಸುವ ಸಮಯ ಬಹಳ. ಎಳೆದ ಗೆರೆಯ ದಪ್ಪವನ್ನೂ ಆಮೇಲೆ ಬದಲಿಸಬಹುದು.

ಯಂತ್ರದ ಮಿತಿಯನ್ನೂ ನೋಡಿಕೊಳ್ಳಿ. ಎ4 ಪುಟ 600 ಡಿಪಿಐನಲ್ಲಿ ಸುಮಾರು 4960 × 7016 ಪಿಕ್ಸೆಲ್. ಬಣ್ಣದ ಒಂದು ಪದರಕ್ಕೆ 130 ಎಂಬಿಗೂ ಮೇಲೆ ಮೆಮೊರಿ. 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಹತ್ತು ಪದರ ತೆರೆದರೆ ಗೆರೆ ಪೆನ್ನಿಗಿಂತ ಹಿಂದೆ ಬೀಳುತ್ತದೆ, ಹಿಂದೆ ಬಿದ್ದ ಗೆರೆಯನ್ನು ನೋಡುತ್ತ ಒಳ್ಳೆಯ ಗೆರೆ ಎಳೆಯಲಾಗದು. ಮಸಿಯ ಪದರಗಳನ್ನು ಗ್ರೇಸ್ಕೇಲ್‌ನಲ್ಲೇ ಇಟ್ಟರೆ ಹೊರೆ ಕಾಲುಭಾಗಕ್ಕೋ ಅರ್ಧಕ್ಕೋ ಇಳಿಯುತ್ತದೆ.

ತಪ್ಪು ತಿದ್ದುವ ಬಗೆ

ಹೆಚ್ಚಿನವರು ಡಿಜಿಟಲ್ ಆರಿಸುವುದು ಅಂಡೂಗಾಗಿ, ಅಂದರೆ ಎಳೆದ ಗೆರೆಯನ್ನು ಒಂದೇ ಒತ್ತಿಗೆ ರದ್ದು ಮಾಡುವ ಸೌಲಭ್ಯಕ್ಕಾಗಿ. ಅದು ನ್ಯಾಯವಾದ ಕಾರಣ. ಕಾಗದದಲ್ಲಿ ಹನಿ ಬಿದ್ದರೆ ಒಣಗುವ ತನಕ ಕಾದು, ಬಿಳಿ ಗೌಶ್ (ಅಡಿಯದ್ದನ್ನು ಮುಚ್ಚುವ ಜಲವರ್ಣ) ಬಣ್ಣವನ್ನು ಮೊಸರಿನ ಹದಕ್ಕೆ ಕಲಸಿ ಎರಡು ತೆಳು ಪದರ ಹಚ್ಚಬೇಕು, ಅದರ ಮೇಲೆ ಮತ್ತೆ ಗೆರೆ ಬೇಕಾದರೆ ನಿಬ್ಬಿನ ಬದಲು ಬ್ರಷ್ ಬಳಸಬೇಕು. ಮುಖ ಪೂರ್ತಿ ಕೆಟ್ಟರೆ ಬೇರೆ ಕಾಗದದಲ್ಲಿ ಬರೆದು ಕತ್ತರಿಸಿ ಅಂಟಿಸಬೇಕು. ಆದರೂ ಒಂದು ಮಾತು ಹೇಳಲೇಬೇಕು. ಗೆರೆ ಹೋದರೆ ಮರಳಿ ಬಾರದು ಎಂಬ ಅರಿವಿದ್ದಾಗ ಕೈ ಒಂದು ಕ್ಷಣ ನಿಂತು, ದಾರಿ ನೋಡಿ, ಒಂದೇ ಉಸಿರಿಗೆ ಎಳೆಯುತ್ತದೆ. ಅಂಡೂ ಇದ್ದಲ್ಲಿ ಅದೇ ದವಡೆಯ ಗೆರೆಯನ್ನು ಹದಿನೈದು ಸಲ ಎಳೆದು ಅಳಿಸಿ, ಕೊನೆಗೆ ನಾಲ್ಕನೆಯದೇ ಚೆನ್ನಾಗಿತ್ತು ಅನ್ನಿಸುತ್ತದೆ. ಮೂರು ಸಲಕ್ಕೆ ಬರದಿದ್ದರೆ ಮುಂದಿನ ಚೌಕಟ್ಟಿಗೆ ಹೋಗಿ. ಆ ಗೆರೆ ಬಾರದಿರುವುದಕ್ಕೆ ಕಾರಣ ಬಹುತೇಕ ಪೆನ್ಸಿಲ್ ಚಿತ್ರದಲ್ಲೇ ಇರುತ್ತದೆ.

ಎರಡನ್ನೂ ಸೇರಿಸುವ ದಾರಿ

ಎರಡರಲ್ಲಿ ಒಂದನ್ನೇ ಹಿಡಿಯಬೇಕೆಂದಿಲ್ಲ, ಹಲವರಿಗೆ ನಡುವಿನ ದಾರಿಯೇ ಒಳ್ಳೆಯದು. ಅಮೆರಿಕದ ಕಾಮಿಕ್ಸ್‌ನಲ್ಲಿ ಪೆನ್ಸಿಲ್ ಒಬ್ಬರದು, ಮಸಿ ಇನ್ನೊಬ್ಬರದು. ಪೆನ್ಸಿಲ್ ಪುಟದ ಸ್ಕ್ಯಾನ್ ಇಮೇಲ್‌ನಲ್ಲಿ ಬರುತ್ತದೆ, ಮಸಿ ಹಾಕುವವರು ಅದನ್ನು ತಿಳಿನೀಲಿಯಲ್ಲಿ ದಪ್ಪ ಬ್ರಿಸ್ಟಲ್ ಮೇಲೆ ಮುದ್ರಿಸಿಕೊಂಡು ಅದರ ಮೇಲೆ ಬ್ರಷ್ ಆಡಿಸುತ್ತಾರೆ. ಇದನ್ನು ಮನೆಯಲ್ಲೂ ಮಾಡಬಹುದು. ಇಂಕ್‌ಜೆಟ್ ಪ್ರಿಂಟರಾಗಬೇಕು, ಲೇಸರಿನ ಟೋನರ್ ಪ್ಲಾಸ್ಟಿಕ್‌ನಂತೆ ಮಸಿಯನ್ನು ತಳ್ಳುತ್ತದೆ. ಪುಟ ಹಾಳಾದರೆ ಮತ್ತೊಂದು ಮುದ್ರಿಸಿಕೊಂಡರಾಯಿತು, ಮೂಲ ಪೆನ್ಸಿಲ್ ಚಿತ್ರ ಭದ್ರ. ರಬ್ಬರ್ ಹಾಕುವ ಕೆಲಸವೂ ಇಲ್ಲ: ಬಣ್ಣದಲ್ಲಿ ಸ್ಕ್ಯಾನ್ ಮಾಡಿ ನೀಲಿ ಚಾನೆಲ್ ಒಂದನ್ನೇ ಉಳಿಸಿಕೊಂಡರೆ ತಿಳಿನೀಲಿ ಗೆರೆ ಅದರಲ್ಲಿ ಬಹುತೇಕ ಬಿಳಿಯಾಗುತ್ತದೆ, ಕಪ್ಪು ಕಪ್ಪಾಗೇ ನಿಲ್ಲುತ್ತದೆ. ಉಳಿದ ಛಾಯೆಯನ್ನು ಕಪ್ಪು-ಬಿಳುಪಿನ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ತೆಗೆಯಿರಿ. ಇನ್ನೊಂದು ಬಗೆ: ಜೀವಂತ ಗೆರೆಗಳನ್ನು ಬ್ರಷ್ಷಿನಲ್ಲಿ ಹಾಕಿ, ದೊಡ್ಡ ಕಪ್ಪು ಜಾಗ, ಚೌಕಟ್ಟು, ಮಾತಿನ ಗುಳ್ಳೆ ಇವನ್ನು ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಿನಲ್ಲಿ ತುಂಬುವುದು. ಬಕೆಟ್ ಎಂಬ ಬಣ್ಣ ತುಂಬುವ ಸಾಧನದಿಂದ ತುಂಬುವಾಗ ಅಂಚನ್ನು ಒಂದೆರಡು ಪಿಕ್ಸೆಲ್ ಹಿಗ್ಗಿಸಿ, ಇಲ್ಲವಾದರೆ ಗೆರೆಗೂ ತುಂಬಿದ್ದಕ್ಕೂ ನಡುವೆ ಬೂದು ದಾರ ಉಳಿಯುತ್ತದೆ.

ಯಾರಿಗೆ ಯಾವುದು

ನೂರಾರು ಪುಟದ ಕಾಮಿಕ್, ತಿದ್ದುಪಡಿ ಮೇಲೆ ತಿದ್ದುಪಡಿ ಕೇಳುವ ಪ್ರಕಾಶಕರು, ಮುಂದೆ ಬಣ್ಣ ತುಂಬಬೇಕಾದ ಮಕ್ಕಳ ಪುಸ್ತಕ: ಡಿಜಿಟಲ್, ಯೋಚನೆಯೇ ಬೇಡ. ಕೈಬರಹದ ಮೂಲಚಿತ್ರ ಮಾರುವ ಉದ್ದೇಶವಿದ್ದರೆ, ಜನವರಿಯ ಚಿತ್ರಸಂತೆಗೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಇಡುವುದಿದ್ದರೆ, ಕಾಗದದ ಮೇಲಿನ ಮಸಿಯೇ ಆಗಬೇಕು. ದಿನಕ್ಕೊಂದು ಚಿಕ್ಕ ವ್ಯಂಗ್ಯಚಿತ್ರ ಬರೆಯುವವರಿಗೆ ಬ್ರಷ್ ಪೆನ್ ಮತ್ತು ಸ್ಕ್ಯಾನರ್ ಸಾಕು, ಟ್ಯಾಬ್ಲೆಟ್ ತೆರೆಯುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ. ಕಲಿಯುವವರು ಆರು ತಿಂಗಳಾದರೂ ನಿಬ್ ಅಥವಾ ಬ್ರಷ್ ಹಿಡಿಯುವುದು ಒಳ್ಳೆಯದು. ಅಲ್ಲಿ ಬಂದ ಒತ್ತಡದ ಹದ ಟ್ಯಾಬ್ಲೆಟ್‌ಗೂ ಜೊತೆಗೆ ಬರುತ್ತದೆ, ಟ್ಯಾಬ್ಲೆಟ್‌ನಿಂದ ಕಾಗದಕ್ಕೆ ಬರುವುದು ಮಾತ್ರ ಕಷ್ಟ. ಕೈನೋವಿರುವವರು, ಕಣ್ಣು ಮಂಜಾದವರು ಡಿಜಿಟಲ್‌ನ ಹಿಗ್ಗಿಸುವ ಸೌಲಭ್ಯವನ್ನು ಸಂಕೋಚವಿಲ್ಲದೆ ಬಳಸಲಿ.

ಖರ್ಚಿನ ವಿಷಯ ಇಷ್ಟೇ: ಕಾಗದದ ದಾರಿಯಲ್ಲಿ ಪ್ರವೇಶ ಅಗ್ಗ, ಆದರೆ ಪ್ರತಿ ಪುಟಕ್ಕೂ ಖರ್ಚು, ಜೊತೆಗೆ ಸ್ಕ್ಯಾನರ್. ಡಿಜಿಟಲ್‌ನಲ್ಲಿ ಮೊದಲೇ ಹೆಚ್ಚು. ಆದರೂ ಪರದೆಯಿಲ್ಲದ ಚಿಕ್ಕ ಟ್ಯಾಬ್ಲೆಟ್ ಐದು ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಕ್ರಿಟಾ ಉಚಿತ. ಕಂಪ್ಯೂಟರ್ ಮನೆಯಲ್ಲೇ ಇದ್ದವರಿಗೆ ಅದು ದೊಡ್ಡ ಹೊರೆಯಲ್ಲ.

ಕೊಳ್ಳುವ ಮುಂಚೆ ಹೀಗೆ ಮಾಡಿ. ಒಂದು ಮುಖ, ಒಂದು ಕೈ, ಒಂದು ಗಿಡ, ಸ್ಕೇಲಿನ ಗೆರೆ ಇರುವ ಒಂದು ಕಿಟಕಿ ಸೇರಿದ ಒಂದೇ ಚೌಕಟ್ಟನ್ನು ಹಗುರ ಪೆನ್ಸಿಲ್‌ನಲ್ಲಿ ಬರೆದು ಸ್ಕ್ಯಾನ್ ಮಾಡಿಡಿ. ಮೂಲದ ಮೇಲೆ ಕೈಯಾರೆ ಮಸಿ ಹಾಕಿ, ಸ್ಕ್ಯಾನಿನ ಮೇಲೆ ಸ್ನೇಹಿತರ ಟ್ಯಾಬ್ಲೆಟ್‌ನಲ್ಲಿ ಹಾಕಿ. ಕೈಯಾರೆ ಹಾಕಿದ್ದನ್ನೂ ಸ್ಕ್ಯಾನ್ ಮಾಡಿ, ಎರಡನ್ನೂ ಅಚ್ಚಾಗುವ ಗಾತ್ರಕ್ಕೆ ಇಳಿಸಿ, ಟಿಫ್ ಅಥವಾ ಪಿಎನ್‌ಜಿಯಾಗಿ ಉಳಿಸಿ (ಜೆಪೆಗ್ ಗೆರೆಯ ಅಂಚಿನಲ್ಲಿ ಕಸ ತರುತ್ತದೆ), ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸಿ ಅಕ್ಕಪಕ್ಕ ಇಟ್ಟು ನೋಡಿ. ಮೊದಲು ಆ ಕೈಯ ಬೆರಳುಗಳನ್ನು ನೋಡಿ, ಆಮೇಲೆ ಗಿಡದ ಎಲೆಗಳನ್ನು. ಕಿಟಕಿ ಎರಡರಲ್ಲೂ ಚೆನ್ನಾಗೇ ಬಂದಿರುತ್ತದೆ.